ಟೋಕನ್ ಎಂಬ ಸಂಚಕಾರ

"ಓದಿದವರೇ ಹೀಗೆ ಮೋಸ ಹೋದ್ರೆ ಹೇಗ್ರೀ?" ಬಾಡಿಗೆ ಮನೆ ಹೆಸರಲ್ಲಿ ಆನ್‌ಲೈನ್‌ನಲ್ಲಿ ದುಡ್ಡು ಕಳ್ಕೊಂಡವರ ಸುದ್ದಿ ಬಂದಾಗಲೆಲ್ಲ ಈ ಮಾತು ಕೇಳಿಸುತ್ತೆ. ಆಫೀಸ್ ಕ್ಯಾಂಟೀನಿನಲ್ಲಿ, ಫ್ಯಾಮಿಲಿ ಗ್ರೂಪಿನಲ್ಲಿ, ಒಮ್ಮೊಮ್ಮೆ ದೂರು ಬರ್ಕೊಳ್ಳೋರ ಬಾಯಲ್ಲೂ. ಹೇಳುವವರ ದನಿಯಲ್ಲಿ ಕನಿಕರಕ್ಕಿಂತ ಸಮಾಧಾನವೇ ಜಾಸ್ತಿ. ಸದ್ಯ, ನಾನಾಗಿದ್ರೆ ಬೀಳ್ತಿರಲಿಲ್ಲ ಅನ್ನೋ ಸಮಾಧಾನ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತೆ. ಯಾಕಂದ್ರೆ ಬೆಂಗಳೂರಿನಲ್ಲಿ ಪ್ರಾಮಾಣಿಕರು ಮನೆ ಬಾಡಿಗೆಗೆ ಕೊಡೋ ಪದ್ಧತಿಯೇ ಮೋಸದ ಥರ ಇದೆ. ಕಳ್ಳ ಹೊಸದೇನೂ ಕಂಡುಹಿಡಿದಿಲ್ಲ, ನಮ್ಮ ಮಾಮೂಲನ್ನೇ ಕಾಪಿ ಹೊಡೆದಿದ್ದಾನೆ.

ಕಗ್ಗದಾಸಪುರದಲ್ಲಿ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಡೆ ಬಾಗ್ಮನೆ ಟೆಕ್ ಪಾರ್ಕ್, ಇನ್ನೊಂದು ಕಡೆ ಡಿಆರ್‌ಡಿಒ ಲ್ಯಾಬುಗಳು, ಜೊತೆಗೆ ಆ ರೈಲ್ವೆ ಗೇಟು. ಗೇಟಿನ ಯಾವ ಕಡೆ ಮನೆ ಸಿಗುತ್ತೆ ಅನ್ನೋದರ ಮೇಲೆ ದಿನದ ಅರ್ಧ ಗಂಟೆ ನಿಂತಿರುತ್ತೆ. 2022ರಲ್ಲಿ ಕಂಪನಿಗಳು ಎಲ್ಲರನ್ನೂ ವಾಪಸ್ ಆಫೀಸಿಗೆ ಕರೆದ ಮೇಲೆ ಬಾಡಿಗೆ ಏರಿದ್ದು ಇಳಿಯಲೇ ಇಲ್ಲ. 2023ರಲ್ಲಿ ಯಾರೋ ಓನರ್ ಬಾಡಿಗೆ ಕೇಳಿದ ಹುಡುಗನ ಪಿಯುಸಿ ಅಂಕ ಕಡಿಮೆ ಅಂತ ಮನೆ ಕೊಡಲಿಲ್ಲ ಅನ್ನೋ ವಾಟ್ಸಾಪ್ ಸ್ಕ್ರೀನ್‌ಶಾಟ್ ವೈರಲ್ ಆಗಿತ್ತು, ನೆನಪಿರಬಹುದು. ನಾವೆಲ್ಲ ನಕ್ಕೆವು. ನಕ್ಕು, ಮಾರನೇ ದಿನ ಇನ್ನೊಬ್ಬ ಓನರ್‌ಗೆ ಲಿಂಕ್ಡ್‌ಇನ್ ಪ್ರೊಫೈಲ್ ಕಳಿಸಿದೆವು.

ಇಂಥ ಕಡೆ ಎಲ್ಲರೂ ಹೇಳೋ ಒಂದು ವಾಕ್ಯ ಇದೆ. "ಸಂಜೆಯೊಳಗೆ ಹೋಗ್ಬಿಡುತ್ತೆ, ಟೋಕನ್ ಹಾಕಿ ಬ್ಲಾಕ್ ಮಾಡ್ಕೊಳ್ಳಿ." ಬ್ರೋಕರ್ ಹೇಳ್ತಾನೆ, ಒಳ್ಳೆಯ ಓನರ್ ಹೇಳ್ತಾನೆ, ಕಳ್ಳನೂ ಇದನ್ನೇ ಹೇಳ್ತಾನೆ.

ನಮ್ಮ ಟೀಮಿಗೆ ಸೇರಿದ ಹುಡುಗಿಯೊಬ್ಬಳ ಕತೆ ಹೇಳ್ತೀನಿ. ದಾವಣಗೆರೆ ಕಡೆಯವಳು, ಪಿಜಿಯಲ್ಲಿದ್ದಳು. ಅಮ್ಮ ಬಂದು ಜೊತೆಗಿರ್ತಾರೆ ಅಂತ ಮನೆ ಹುಡುಕ್ತಿದ್ದಳು. ಒಂದು ಆಪ್‌ನಲ್ಲಿ 2 ಬಿಎಚ್‌ಕೆ ಕಂಡಿತು. ಕಗ್ಗದಾಸಪುರ ಮೇನ್ ರೋಡಿನ ಹತ್ತಿರ, ಸೋಫಾ, ಫ್ರಿಜ್, ವಾಷಿಂಗ್ ಮಷೀನ್ ಎಲ್ಲಾ ಸೇರಿ 16,000. ಓನರ್ ಸಿಐಎಸ್‌ಎಫ್‌ನಲ್ಲಿ ಇದ್ದಾನಂತೆ, ಪುಣೆ ಏರ್‌ಪೋರ್ಟಿಗೆ ಪೋಸ್ಟಿಂಗ್ ಆಗಿದೆಯಂತೆ. ಡಿಪಿಯಲ್ಲಿ ಯೂನಿಫಾರ್ಮು, ಪ್ರತಿ ಮೆಸೇಜಿನ ಕೊನೆಗೆ ಜೈ ಹಿಂದ್. ಕೇಳುವ ಮೊದಲೇ ಐಡಿ ಕಾರ್ಡು, ಆಧಾರ್ ಕಳಿಸಿದ. ಮನೆ ನೋಡೋಕೆ ಗೇಟ್ ಪಾಸ್ ಬೇಕು, 3,500, ನೋಡಿದ ಮೇಲೆ ರಿಫಂಡ್ ಅಂದ. ಆಮೇಲೆ ಒಂದು ತಿಂಗಳ ಬಾಡಿಗೆ ಟೋಕನ್. ಆಮೇಲೆ "ಸಿಸ್ಟಮ್‌ನಲ್ಲಿ ಎಂಟ್ರಿ ಆಗಿಲ್ಲ, ಇನ್ನೊಮ್ಮೆ ಹಾಕಿ, ಎರಡೂ ಒಟ್ಟಿಗೆ ವಾಪಸ್ ಬರುತ್ತೆ." ಒಟ್ಟು 35,500. ಆಮೇಲೆ ಫೋನ್ ಸ್ವಿಚ್ ಆಫ್.

ಮಿಲಿಟರಿಯವನ ವೇಷದ ಈ ಮೋಸ ಹಳೆಯದು, ಹಲವು ಊರುಗಳಲ್ಲಿ ನಡೆದಿದೆ. ಆದರೆ ಸಿ. ವಿ. ರಾಮನ್ ನಗರದ ಸುತ್ತಮುತ್ತ ಇದು ಇನ್ನೂ ಸಲೀಸು. ಎಲ್‌ಆರ್‌ಡಿಇ, ಜಿಟಿಆರ್‌ಇ ಎಲ್ಲ ಇಲ್ಲೇ ಇವೆ, ಎಚ್‌ಎಎಲ್ ಪಕ್ಕದಲ್ಲೇ ಇದೆ. ರಕ್ಷಣಾ ಇಲಾಖೆಯವರ ಮನೆ ಬಾಡಿಗೆಗೆ ಬರೋದು ಇಲ್ಲಿ ನಿಜವಾಗಿಯೂ ನಡೆಯೋ ವಿಷಯ. ಅವಳು ಯೂನಿಫಾರ್ಮ್ ನಂಬಿದ್ದರಲ್ಲಿ ಮೂರ್ಖತನ ಏನಿದೆ? ಇನ್ನೊಂದು ಮಾತು. ಆ ಐಡಿ ಕಾರ್ಡಿನಲ್ಲಿರೋ ಮನುಷ್ಯ ನಿಜಕ್ಕೂ ಸೇವೆಯಲ್ಲಿರಬಹುದು. ಅವನ ಕಾರ್ಡಿನ ಫೋಟೋ ಹೇಗೋ ಇವರ ಕೈಗೆ ಸಿಕ್ಕಿರುತ್ತೆ. ಹಾಗೇ ಈಗ ಅವಳ ಆಧಾರ್ ಫೋಟೋ ಕೂಡ ಅವರ ಹತ್ತಿರ ಇದೆ, ಅಗ್ರಿಮೆಂಟಿಗೆ ಅಂತ ಇಸ್ಕೊಂಡಿದ್ದರು. ನಾಳೆ ಇನ್ಯಾರದೋ ಫೋನಿನಲ್ಲಿ ಅವಳೇ ಓನರ್ ಆಗಿರಬಹುದು.

ಇದನ್ನು ಅವಳು ಯಾರಿಗಾದರೂ ಹೇಳೋಕೆ ಒಂಬತ್ತು ದಿನ ಹಿಡಿಯಿತು. ಕಾರಣ ಆ ಮೊದಲ ವಾಕ್ಯವೇ, ಓದಿದವಳು ಹೀಗೆ ಮಾಡ್ಕೊಂಡಳಾ ಅಂತಾರೆ ಅನ್ನೋ ಭಯ. ನಿಮ್ಮ ಬುದ್ಧಿವಾದದ ಬೆಲೆ ಅದು. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸ್ತಾ ಹೋಗ್ತಾರೆ. 1930ಕ್ಕೆ ಫೋನ್ ಮಾಡಿದರೆ ಆ ಸರಪಳಿಯಲ್ಲಿ ಇನ್ನೂ ಎಲ್ಲಾದರೂ ಉಳಿದಿರೋ ದುಡ್ಡನ್ನು ಬ್ಯಾಂಕ್ ತಡೆಹಿಡಿಯೋಕೆ ಸಾಧ್ಯ. ಅದು ಮೊದಲ ಒಂದೆರಡು ಗಂಟೆಯ ಮಾತು, ಒಂಬತ್ತು ದಿನದ ಮಾತಲ್ಲ. ಆಮೇಲೆ cybercrime.gov.in ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡೋ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಬೇಕು. "ಇದು ನಮ್ಮ ಲಿಮಿಟ್ಸ್ ಅಲ್ಲ" ಅಂತ ಸ್ಟೇಷನ್ನಿನವರು ಅಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರೋ ಬಿಎನ್‌ಎಸ್‌ಎಸ್‌ನ 173ನೇ ಕಲಂ ನೆನಪಿಸಿ. ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ಬರ್ಕೊಳ್ಳಬೇಕು.

ಈಗ ಅದೇ ಹುಡುಗಿಗೆ ಆಮೇಲೆ ಸಿಕ್ಕ ಅಸಲಿ ಮನೆ ನೋಡಿ. ಓನರ್ ಡಲ್ಲಾಸ್‌ನಲ್ಲಿದ್ದಾರೆ, ಮುಖ ನೋಡಿಲ್ಲ. ಮಾತುಕತೆ ವಾಟ್ಸಾಪಿನಲ್ಲಿ. ಟೋಕನ್ 10,000 ಹೋಗಿದ್ದು ಅವರ ಬಾಮೈದನ ನಂಬರಿಗೆ. ಬ್ರೋಕರ್ ಮನೆ ತೋರಿಸೋ ಮೊದಲೇ ವಿಸಿಟಿಂಗ್ ಚಾರ್ಜ್ ಅಂತ 500 ತಗೊಂಡ. ಐದು ತಿಂಗಳ ಅಡ್ವಾನ್ಸ್, ರಸೀದಿ ಇಲ್ಲ. ಅಗ್ರಿಮೆಂಟ್ ಬಂದಿದ್ದು ಮನೆಗೆ ಸೇರಿ ಮೂರು ವಾರ ಆದ ಮೇಲೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಮೋಸ, ಯಾವುದು ವ್ಯವಹಾರ ಅಂತ ಮೊದಲೇ ಹೇಳಿ ನೋಡೋಣ.

ಟೋಕನ್‌ಗೆ ನಮ್ಮ ಕಡೆ ಹಳೆಯ ಹೆಸರು ಸಂಚಕಾರ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದವರಿಗೆ ಗೊತ್ತಿರುತ್ತೆ. ಮೊದಲು ಎತ್ತಿನ ಹಲ್ಲು ಎಣಿಸ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತಾ ಅಂತ ನೋಡ್ತಾರೆ. ಟವೆಲ್ ಕೆಳಗೆ ಬೆರಳು ಹಿಡಿದು ರೇಟ್ ಮುಗಿಸ್ತಾರೆ. ಸಂಚಕಾರ ಕೈ ಬದಲಾಗೋದು ಇದೆಲ್ಲ ಆದ ಮೇಲೆ, ನಾಲ್ಕು ಜನರ ಎದುರಿಗೆ. ಅದೇ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ, ಜೀವಕ್ಕೆ ಸಂಚಕಾರ ಬಂತು ಅಂತೀವಲ್ಲ, ಅದು. ಬೆಂಗಳೂರಿನ ಬಾಡಿಗೆ ಮಾರುಕಟ್ಟೆ ಮೊದಲ ಅರ್ಥ ಬಿಟ್ಟು ಎರಡನೆಯದನ್ನು ಇಟ್ಕೊಂಡಿದೆ. ಇಲ್ಲಿ ಹಲ್ಲು ಎಣಿಸೋ ಮೊದಲೇ ಸಂಚಕಾರ.

ಹಾಗಾಗಿ ಕಳ್ಳನನ್ನು ಗುರುತಿಸೋ ಹತ್ತು ಲಕ್ಷಣಗಳ ಪಟ್ಟಿ ಹಂಚೋದರಲ್ಲಿ ನನಗೆ ನಂಬಿಕೆ ಇಲ್ಲ. ಪಟ್ಟಿ ಅವನೂ ಓದ್ತಾನೆ. ಮನೆಯ ಬೀಗ ನಿಮ್ಮೆದುರು ತೆಗೆದು ನೀವು ಒಳಗೆ ನಿಲ್ಲೋ ತನಕ ಒಂದು ರೂಪಾಯಿ ಕೊಡಬೇಡಿ, ಸಾಕು. ಗೇಟ್ ಪಾಸಿಗೂ ಇಲ್ಲ, ರಿಫಂಡ್ ಆಗೋದಕ್ಕೂ ಇಲ್ಲ. (ಕಗ್ಗದಾಸಪುರದ ಒಳರಸ್ತೆಗಳ ಎಷ್ಟೋ ಕಟ್ಟಡಗಳಿಗೆ ಗೇಟೇ ನೆಟ್ಟಗೆ ಮುಚ್ಚಲ್ಲ, ಅದಕ್ಕೆ ಪಾಸ್ ಬೇರೆ!) ಮನೆ ಕೈ ತಪ್ಪಿದರೆ ತಪ್ಪಲಿ.

ಬೀಗ ತೆಗೆದವನು ಓನರ್ ಅಂತಲೂ ಅಲ್ಲ. ಹಿಂದಿನ ಬಾಡಿಗೆದಾರ ಕೀ ಇಟ್ಕೊಂಡು ತಾನೇ ಓನರ್ ಅಂತ ಅಡ್ವಾನ್ಸ್ ವಸೂಲಿ ಮಾಡಬಹುದು. ಬೆಸ್ಕಾಂ ಬಿಲ್ ಕೇಳಿ. ಅದರಲ್ಲಿರೋ ಆರ್‌ಆರ್ ನಂಬರ್ ಆ ಮನೆಯ ಮೀಟರಿನದೇನಾ ನೋಡಿ. ಗೃಹಜ್ಯೋತಿಗೆ ಬಾಡಿಗೆದಾರರ ಆಧಾರ್ ಜೋಡಿಸೋಕೂ ಆ ಬಿಲ್ಲಿನ ವಿವರ ಬೇಕು, ಕೇಳೋದರಲ್ಲಿ ಸಂಕೋಚ ಏನಿಲ್ಲ. ಬಿಲ್ ಹಳೇ ಓನರ್ ಹೆಸರಲ್ಲೇ ಉಳಿದಿರೋದು ಸಾಮಾನ್ಯ, ಹಾಗಿದ್ದರೆ ಮನೆ ಕಂದಾಯದ ರಸೀದಿ ಅಥವಾ ಖಾತಾ ಕೇಳಿ. ಆ ಹೆಸರು, ಐಡಿಯಲ್ಲಿರೋ ಹೆಸರು, ದುಡ್ಡು ಕಳಿಸುವ ಮೊದಲು ಯುಪಿಐ ಆಪ್ ತೋರಿಸೋ ಹೆಸರು, ಮೂರೂ ಹೊಂದಬೇಕು. ಬಾಮೈದ, ಚಿಕ್ಕಪ್ಪನ ಮಗ ಅಂದರೆ ಓನರ್ ಜೊತೆ ವಿಡಿಯೋ ಕಾಲ್ ಆಗಲಿ, ಬರವಣಿಗೆಯಲ್ಲಿ ಒಪ್ಪಿಗೆ ಬರಲಿ. ಇವೆಲ್ಲಕ್ಕಿಂತ ಸುಲಭದ್ದು, ಬೀದಿ ಕೊನೆಯ ಇಸ್ತ್ರಿ ಅಂಗಡಿಯಲ್ಲಿ ಎರಡು ನಿಮಿಷ ನಿಂತು "ಅಣ್ಣ, ಆ ಹಸಿರು ಬಿಲ್ಡಿಂಗ್ ಯಾರದು?" ಅಂತ ಕೇಳೋದು. ಇಸ್ತ್ರಿಯವರಿಗೆ ಗೊತ್ತಿಲ್ಲದ ಮನೆ ಇಲ್ಲ. ಇನ್ನು ಫೋಟೋಗಳನ್ನು ಗೂಗಲ್ ಲೆನ್ಸಿಗೆ ಹಾಕಿದರೆ ಎಷ್ಟೋ ಸಲ ಅದೇ ಸೋಫಾ ಇನ್ನೊಂದು ಊರಿನ ಜಾಹೀರಾತಿನಲ್ಲಿ ಸಿಗುತ್ತೆ. ಆ ಹುಡುಗಿಗೆ ಬಂದ ಫೋಟೋದಲ್ಲಿ ಬಾಲ್ಕನಿಯಾಚೆ ಬರೀ ಆಕಾಶ ಇತ್ತು. ಕಗ್ಗದಾಸಪುರದಲ್ಲಿ ಬಾಲ್ಕನಿಯಾಚೆ ಇರೋದು ಪಕ್ಕದ ಮನೆಯವರ ಒಗೆದ ಬಟ್ಟೆ.

ಓನರ್‌ಗಳೂ ಬೀಳ್ತಾರೆ, ಅದನ್ನೂ ಹೇಳಬೇಕು. ಮನೆ ಖಾಲಿ ಇದೆ ಅಂತ ಹಾಕಿದ ಸ್ವಲ್ಪ ಹೊತ್ತಿಗೇ "ಸೈನ್ಯದ ಅಕೌಂಟ್ಸ್‌ನಿಂದ ಅಡ್ವಾನ್ಸ್ ಬರುತ್ತೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂತ ಫೋನ್. ವ್ಯಕ್ತಿಯಿಂದ ವ್ಯಕ್ತಿಗೆ ದುಡ್ಡು ಕೇಳೋ ಕಲೆಕ್ಟ್ ರಿಕ್ವೆಸ್ಟನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು, ಆದರೆ ಕ್ಯೂಆರ್ ಉಳಿದಿದೆ. ಪಿನ್ ಹಾಕೋದು ದುಡ್ಡು ಕಳಿಸೋದಕ್ಕೆ ಮಾತ್ರ, ಬರೋ ದುಡ್ಡಿಗೆ ಪಿನ್ ಬೇಡ. ನಿಮ್ಮ ಅಪ್ಪ ಅಮ್ಮನಿಗೆ ಇದನ್ನು ಹೇಳಿಡಿ.

ಮೂವತ್ತು ನಲವತ್ತು ಸಾವಿರದ ಮಾತಾಯಿತು. ಇದಕ್ಕಿಂತ ದೊಡ್ಡ ಗುಂಡಿ ಲೀಸು, ಅಂದರೆ ಭೋಗ್ಯ. ಹತ್ತು ಹದಿನೈದು ಲಕ್ಷ ಒಮ್ಮೆಗೇ ಕೊಟ್ಟು ಬಾಡಿಗೆ ಇಲ್ಲದೆ ಇರೋದು, ಬಿಡುವಾಗ ಪೂರ್ತಿ ವಾಪಸ್. ಇದರಲ್ಲಿ ನಡುವೆ ಒಂದು ಕಂಪನಿ ಬರುತ್ತೆ. ಓನರ್‌ಗೆ "ಮನೆ ನಾವು ನೋಡ್ಕೋತೀವಿ, ತಿಂಗಳ ಬಾಡಿಗೆ ತಪ್ಪದೆ ಹಾಕ್ತೀವಿ" ಅಂತ ಕೀ ತಗೊಳ್ಳುತ್ತೆ. ನಿಮಗೆ ಅದೇ ಮನೆಯನ್ನು ಲೀಸಿಗೆ ಕೊಟ್ಟು ಲಕ್ಷಗಟ್ಟಲೆ ತಗೊಳ್ಳುತ್ತೆ. ಕೆಲವು ತಿಂಗಳು ಓನರ್‌ಗೆ ಬಾಡಿಗೆ ಸರಿಯಾಗಿ ಹೋಗುತ್ತೆ, ನಿಮ್ಮದೇ ದುಡ್ಡಿನಿಂದ. ಒಂದು ದಿನ ನಿಲ್ಲುತ್ತೆ, ಆಫೀಸಿಗೆ ಬೀಗ. ಆಗ ಓನರ್ ನಿಮ್ಮ ಬಾಗಿಲಿಗೆ ಬಂದು ಬಾಡಿಗೆ ಕೊಡಿ ಇಲ್ಲ ಖಾಲಿ ಮಾಡಿ ಅಂತಾರೆ. ಅವರೂ ಮೋಸ ಹೋದವರೇ, ಆದರೆ ಮನೆ ಅವರದು. ಬೆಂಗಳೂರಿನಲ್ಲಿ ಎಷ್ಟೋ ಕುಟುಂಬಗಳು ಊರಿನ ಜಮೀನು ಮಾರಿದ ದುಡ್ಡನ್ನು ಹೀಗೆ ಕಳ್ಕೊಂಡಿವೆ. ಇನ್ನೊಂದು ರೀತಿಯದ್ದು, ಬ್ಯಾಂಕಿಗೆ ಅಡವಿಟ್ಟ ಮನೆಯನ್ನೇ ಲೀಸಿಗೆ ಕೊಡೋದು. ಸಾಲ ಕಟ್ಟದೇ ಹೋದಾಗ ಸರ್ಫೇಸಿ ಕಾಯ್ದೆಯ ನೋಟಿಸು ಗೋಡೆಗೆ ಅಂಟಿದ ದಿನ ಬಾಡಿಗೆದಾರನಿಗೆ ವಿಷಯ ಗೊತ್ತಾಗುತ್ತೆ.

ಲೀಸ್ ಮಾತಾಡುವ ಮೊದಲು ಕಾವೇರಿ ಪೋರ್ಟಲ್‌ನಲ್ಲಿ ಇಸಿ ತೆಗೆಸಿ, ಋಣಭಾರ ಕಾಣುತ್ತೆ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು ಅಂತ 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತೆ. ನಮ್ಮ ಅಗ್ರಿಮೆಂಟುಗಳೆಲ್ಲ ಹನ್ನೊಂದೇ ತಿಂಗಳಿಗೆ ಯಾಕಿರುತ್ತವೆ ಅಂದುಕೊಂಡಿದ್ರಿ? ಹದಿನೈದು ಲಕ್ಷದ ವ್ಯವಹಾರವನ್ನು ಇ-ಸ್ಟ್ಯಾಂಪ್ ಕಾಗದದ ಮೇಲೆ ಮುಗಿಸೋಣ ಅನ್ನೋ ಮನುಷ್ಯ ಎಷ್ಟೇ ಒಳ್ಳೆಯವನಿರಲಿ, ಬೇಡ ಅನ್ನಿ.

ಆಪ್‌ಗಳ ವಿಷಯಕ್ಕೆ ಬರೋಣ. ಬಾಡಿಗೆದಾರನಿಂದ ಪ್ಲಾನ್ ಹೆಸರಲ್ಲಿ ಸಾವಿರಗಟ್ಟಲೆ ತಗೊಳ್ತಾರೆ, ಮನೆ ಹಾಕಿದವನಿಂದ ತಗೊಳ್ಳೋದು ಒಂದು ಓಟಿಪಿ. ಅಷ್ಟಕ್ಕೇ ವೆರಿಫೈಡ್ ಅನ್ನೋ ಹಸಿರು ಟಿಕ್. ಕೇಳಿದರೆ ನಾವು ಬರೀ ಮಧ್ಯವರ್ತಿಗಳು, ಐಟಿ ಕಾಯ್ದೆಯ 79ನೇ ಕಲಂ ರಕ್ಷಣೆ ಇದೆ ಅಂತಾರೆ. ಆ ರಕ್ಷಣೆ ಷರತ್ತಿನ ಮೇಲೆ ಸಿಗೋದು. 2021ರ ಐಟಿ ನಿಯಮಗಳ ಪ್ರಕಾರ ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಗೊತ್ತುಪಡಿಸಿದ ದಿನಗಳೊಳಗೆ ಬಗೆಹರಿಸಬೇಕು. ಬರೀ ರಿಪೋರ್ಟ್ ಬಟನ್ ಒತ್ತಿ ಸುಮ್ಮನಾಗಬೇಡಿ, ಕುಂದುಕೊರತೆ ಅಧಿಕಾರಿಗೆ ಮೇಲ್ ಹಾಕಿ. ಒಂದೇ ಫೋಟೋ ನಾಲ್ಕು ಖಾತೆಗಳಿಂದ ಬಂದರೆ ಹಿಡಿಯೋದು, ಮನೆ ಹಾಕುವಾಗ ಬೆಸ್ಕಾಂ ಬಿಲ್ ಕೇಳೋದು, ಇದೆಲ್ಲ ದೊಡ್ಡ ವಿದ್ಯೆ ಏನಲ್ಲ. ಇದೇ ಕೆಲಸದಲ್ಲಿರೋನಾಗಿ ಹೇಳ್ತೀನಿ, ಎರಡು ಸ್ಪ್ರಿಂಟ್ ಸಾಕು. ಮಾಡಲ್ಲ, ಯಾಕಂದ್ರೆ ಲಿಸ್ಟಿಂಗ್ ಸಂಖ್ಯೆ ಇಳಿಯುತ್ತೆ. ಬ್ರೋಕರ್‌ಗಳದ್ದಂತೂ ಕೇಳಲೇಬೇಡಿ. ರೇರಾ ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಇರೋದು ಮಾರಾಟಕ್ಕೆ, ಬಾಡಿಗೆಗಲ್ಲ. ಫೋನ್ ಇದ್ದವನೆಲ್ಲ ಬ್ರೋಕರ್.

ಕೊನೆಗೆ ಓನರ್‌ಗಳು. ಇಲ್ಲಿ ನಾನು ಯಾರನ್ನೋ ಬೈತಿಲ್ಲ, ನಮ್ಮಲ್ಲೇ ಎಷ್ಟೋ ಜನ ಈಗ ಓನರ್‌ಗಳು. ಇಎಂಐ ಮೇಲೆ ಫ್ಲಾಟ್ ತಗೊಂಡು, ಆನ್‌ಸೈಟ್ ಹೋಗಿ, ಅಲ್ಲಿಂದಲೇ ಬಾಡಿಗೆಗೆ ಕೊಡ್ತಿರೋರು. ಟೋಕನ್ ಇಲ್ಲದಿದ್ದರೆ ಜನ ಬರ್ತೀನಿ ಅಂತ ಹೇಳಿ ಬರಲ್ಲ ಅಂತೀರಿ. ಸರಿ, ತಗೊಳ್ಳಿ. ಮನೆ ತೋರಿಸಿ ತಗೊಳ್ಳಿ, ಬಿಲ್ಲು ಖಾತಾ ಅವರು ಕೇಳುವ ಮೊದಲೇ ಕೊಡಿ, ಇಂಥ ಮನೆಗೆ ಇಷ್ಟು ಬಂತು, ಇಂಥ ದಿನದೊಳಗೆ ಬೇಡವಾದರೆ ಇಷ್ಟು ವಾಪಸ್ ಅಂತ ವಾಟ್ಸಾಪಿನಲ್ಲಾದರೂ ಬರೆದು ಕಳಿಸಿ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತೆ, ನೀವು ಐದಾರು ತಿಂಗಳದ್ದು ಕೇಳ್ತೀರಿ, ಅದಕ್ಕೊಂದು ರಸೀದಿನಾದರೂ ಬೇಡವಾ? ಪ್ರಾಮಾಣಿಕರೆಲ್ಲ ಹೀಗೆ ಮಾಡಿದರೆ, ಇವನ್ನು ಕೊಡದವನು ತಾನಾಗೇ ಎದ್ದು ಕಾಣ್ತಾನೆ.

ಹೋದ ತಿಂಗಳು ಇದನ್ನೇ ಒಬ್ಬ ಸಹೋದ್ಯೋಗಿಗೆ ಹೇಳಿದೆ. ಮಲ್ಲೇಶಪಾಳ್ಯದಲ್ಲಿ ಅವನ ಫ್ಲಾಟ್ ಖಾಲಿಯಾಗಿತ್ತು. "ಕರೆಕ್ಟ್ ಗುರು, ಮುಂದಿನ ಸಲ ಹಂಗೇ ಮಾಡ್ತೀನಿ," ಅಂದ. "ಈ ಸಲ ಆಗಲ್ಲ, ಆಗ್ಲೇ ಮೂರು ಜನ ಟೋಕನ್ ಹಾಕಿದಾರೆ."