ಬಂಡೆ ಬೆಂದಾಗ ನೀರು ಹೋದ ದಾರಿ

ದೇವನಹಳ್ಳಿ ತಾಲ್ಲೂಕಿನ ನಮ್ಮ ಚನ್ನರಾಯಪಟ್ಟಣದ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಒಂದು ಹೊಲದಲ್ಲಿ ಸಾವಿರ ಅಡಿ ಇಳಿದರೂ ಬರೀ ಕಲ್ಲುಪುಡಿ ಹಾರುತ್ತದೆ, ಬದುವಿನಾಚೆಯ ಹೊಲದಲ್ಲಿ ನೀರು ಉಕ್ಕುತ್ತದೆ. ಇಲ್ಲಿನ ನೈಸ್ ಬಂಡೆಯಲ್ಲಿ ನೀರು ಓಡುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕಿದವರಿಗೆ ನೀರು.

ಆದರೆ ಯಾವ ಬೋರ್‌ವೆಲ್ಲಿಗೂ ದಕ್ಕದ ಇನ್ನೊಂದು ನೀರು ಬಂಡೆಯ ಹರಳುಗಳೊಳಗೇ ಕಟ್ಟಿಬಿದ್ದಿರುತ್ತದೆ. ನೂರು ಗ್ರಾಂ ಕಪ್ಪು ಕಾಗೆಬಂಗಾರದಲ್ಲಿ ಮೂರು-ನಾಲ್ಕು ಗ್ರಾಂ ನೀರಿನಂಶವಿದ್ದರೆ, ಸರ್ಪೆಂಟೈನ್ ಎಂಬ ಹಸಿರು ಖನಿಜದಲ್ಲಿ ಸುಮಾರು ಹದಿಮೂರು ಗ್ರಾಂ ಇರುತ್ತದೆ. ನಮ್ಮೂರ ಹೆಸರಿನದೇ ಆದ ಹಾಸನ ಜಿಲ್ಲೆಯ ತಾಲ್ಲೂಕಿನಲ್ಲಿ, ನುಗ್ಗೇಹಳ್ಳಿಯ ಕ್ರೋಮೈಟ್ ಗಣಿಗಳ ಸುತ್ತ, ಈ ಸರ್ಪೆಂಟೈನ್ ಕಲ್ಲು ಹೇರಳವಾಗಿದೆ.

ಸಮುದ್ರದ ತಳದಲ್ಲಿ ನೀರು ಕುಡಿದ ಇಂಥ ಕಲ್ಲು, ಭೂಫಲಕದ ಜೊತೆ ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಮತ್ತೊಂದು ಫಲಕದ ಕೆಳಕ್ಕೆ ಜಾರುತ್ತದೆ. ಐದಾರು ನೂರು ಡಿಗ್ರಿ ಶಾಖ ತಾಗುವ ಹೊತ್ತಿಗೆ ಹರಳು ಒಡೆದು ನೀರು ಬಿಡುಗಡೆಯಾಗುತ್ತದೆ. ಅಷ್ಟು ಆಳದಲ್ಲಿ, ಮೇಲಿನ ಬಂಡೆಯೆಲ್ಲ ಅದುಮುತ್ತಿರುವಾಗ, ಆ ನೀರು ಹೊರಬರುವುದಾದರೂ ಎಲ್ಲಿಂದ? ಇಟಲಿಯ ಲಿಗುರಿಯಾ ಪ್ರಾಂತ್ಯದಲ್ಲಿ ಹಾಗೆ ಆಳಕ್ಕಿಳಿದು ಮತ್ತೆ ಮೇಲೆದ್ದು ಬಂದ ಬಂಡೆಗಳಿವೆ. ಅವುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಕಲ್ಲು ಎಲ್ಲ ಕಡೆಯೂ ಒಂದೇ ಸಮ ಇರುವುದಿಲ್ಲ. ಚುಕ್ಕೆಯಷ್ಟು ಜಾಗದ ರಾಸಾಯನಿಕ ವ್ಯತ್ಯಾಸವೇ ನೀರು ಮೊದಲು ಎಲ್ಲಿ ಬಿಡಬೇಕೆಂದು ತೀರ್ಮಾನಿಸುತ್ತದೆ. ನೀರು ಬಿಟ್ಟು ಹುಟ್ಟಿದ ಹೊಸ ಖನಿಜ ಹೆಚ್ಚು ಸಾಂದ್ರವಾದ್ದರಿಂದ ಅಲ್ಲೊಂದು ಸಣ್ಣ ರಂಧ್ರ ಉಳಿಯುತ್ತದೆ. ಸುತ್ತಲಿನ ನೀರು ಅಲ್ಲಿಗೆ ಸರಿಯುತ್ತದೆ, ರಂಧ್ರಗಳು ಕೂಡಿಕೊಳ್ಳುತ್ತವೆ, ಕಣ್ಣಿಗೆ ಕಾಣದ ಎಳೆಗಳು ಮೀಟರುಗಟ್ಟಲೆ ಉದ್ದದ ಕಾಲುವೆಗಳಾಗುತ್ತವೆ. ಹೊರಟ ನೀರು ತನ್ನ ದಾರಿಯನ್ನು ತಾನೇ ಕಡಿದುಕೊಳ್ಳುತ್ತದೆ. ಮೇಲಿನ ಫಲಕದಡಿಯ ಮ್ಯಾಂಟಲ್ ಎಂಬ ಬಿಸಿ ಪದರಕ್ಕೆ ಅದು ತಲುಪಿದರೆ ಅಲ್ಲಿನ ಕಲ್ಲು ಬೇಗ ಕರಗುತ್ತದೆ. ಅಂಡಮಾನಿನಲ್ಲಿ 1991ರಲ್ಲಿ ಮತ್ತೆ ಎದ್ದ ಬ್ಯಾರನ್ ದ್ವೀಪದ ಜ್ವಾಲಾಮುಖಿಯ ಹಿಂದೆ ಇದೇ ಕಥೆಯಿದೆ.

ಇಂಥ ದಾರಿಗಳನ್ನು ನೋಡಲು ಇಟಲಿಗೇ ಹೋಗಬೇಕಿಲ್ಲ. ಕನಕಪುರ ತಾಲ್ಲೂಕಿನ ಕಬ್ಬಾಳು, ಕಬ್ಬಾಳಮ್ಮನ ಊರು. ಅಲ್ಲಿನ ಕಬ್ಬಾಳದುರ್ಗದ ಬುಡದ ಕಲ್ಲು ಕ್ವಾರಿಯಲ್ಲಿ ಬೂದುಬಣ್ಣದ ಪಟ್ಟೆಪಟ್ಟೆ ನೈಸ್ ಇದೆ. ಅದರ ನಡುನಡುವೆ ಎಣ್ಣೆ ಸವರಿದಂತೆ ಹೊಳೆಯುವ ಹಸಿರು-ಕಂದು ಕಲೆಗಳು. ಒಂದು ಪಟ್ಟೆಯನ್ನು ಹಿಡಿದು ಕಣ್ಣು ಓಡಿಸಿದರೆ ಅದು ಕಲೆಯೊಳಗೆ ಹೊಕ್ಕು, ಮಸುಕಾಗಿ, ಕಾಣೆಯಾಗುತ್ತದೆ. ಆ ಕಲೆಯೇ ಚಾರ್ನೊಕೈಟ್. ಒಂದು ಬಂಡೆ ಇನ್ನೊಂದಾಗುತ್ತಿರುವ ಗಳಿಗೆ ಇಲ್ಲಿ ಹಾಗೇ ನಿಂತಿದೆ ಎಂದು ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜಗತ್ತಿಗೆ ತೋರಿಸಿದರು. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎ.ಎಸ್. ಜನಾರ್ದನ್ ಮತ್ತು ಷಿಕಾಗೊದ ಆರ್.ಸಿ. ನ್ಯೂಟನ್ ಮತ್ತಿತರರು ಅದೇ ಪತ್ರಿಕೆಯಲ್ಲಿ ಕಾರಣ ವಿವರಿಸಿದರು. ಸುಮಾರು 250 ಕೋಟಿ ವರ್ಷಗಳ ಹಿಂದೆ, ಇಪ್ಪತ್ತು ಕಿಲೋಮೀಟರಿನಷ್ಟು ಆಳದಲ್ಲಿ, ಏಳುನೂರು ಡಿಗ್ರಿ ದಾಟಿದ ಶಾಖದಲ್ಲಿ, ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಕೆಳಗಿನಿಂದ ನುಗ್ಗಿತು. ಅದು ಸಾಗಿದಲ್ಲೆಲ್ಲ ಕಾಗೆಬಂಗಾರದ ನೀರು ಕಳಚಿ ಹೋಯಿತು, ಹೈಪರ್‌ಸ್ತೀನ್ ಎಂಬ ನೀರಿಲ್ಲದ ಖನಿಜ ಹುಟ್ಟಿತು. ಬೆಣಚು ಕಣಗಳೊಳಗೆ ಸಿಕ್ಕಿಕೊಂಡ ಅತಿಸೂಕ್ಷ್ಮ ಗುಳ್ಳೆಗಳಲ್ಲಿ ಆ ಅನಿಲ ಇವತ್ತಿಗೂ ಇದೆ.

ಆ ದ್ರವ ಬಂದದ್ದು ಎಲ್ಲಿಂದ, ಉಪ್ಪುನೀರಿನ ಪಾಲೆಷ್ಟು, ಕಲ್ಲು ಕರಗಿದ್ದರ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಇಲ್ಲಿನದು ಜಾರುವ ಫಲಕದ ಕಥೆಯೇ ಎಂದೂ ನಾನು ಹೇಳಲಾರೆ. ಆದರೆ ಆಳದ ದ್ರವ ಬಂಡೆಯಲ್ಲಿ ಎಲ್ಲೆಡೆ ಸಮನಾಗಿ ಹರಡದೆ ದಾರಿ ಆರಿಸಿಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ನಿಚ್ಚಳವಾದ ಸಾಕ್ಷಿ ಸಿಗುವುದು ಅಪರೂಪ. ಜಲ್ಲಿಗೂ ಚಪ್ಪಡಿಗೂ ಬೇರೆ ಬಂಡೆಗಳು ಬೇಕಾದಷ್ಟಿವೆ. ಲಾಲ್‌ಬಾಗಿನ ನೈಸ್ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ರಕ್ಷಣೆ ಕೊಟ್ಟವರು ಕಬ್ಬಾಳದುರ್ಗದ ಈ ಕಲ್ಲಿಗೂ ಬೇಲಿ ಮತ್ತು ಕನ್ನಡದಲ್ಲಿ ಬರೆದ ಒಂದು ಫಲಕ ಕೊಡಬೇಕು. ಕಬ್ಬಾಳಮ್ಮನ ದರ್ಶನಕ್ಕೆ ಹೋಗುವ ಓದುಗರು ಮಕ್ಕಳನ್ನು ಕರೆದುಕೊಂಡು ಆ ಬಂಡೆಯನ್ನೂ ಒಮ್ಮೆ ನೋಡಿ ಬನ್ನಿ. ಸುತ್ತಿಗೆ ಮಾತ್ರ ಒಯ್ಯಬೇಡಿ.