ಇಂಟರ್‌ವಲ್ ಮಾತು: ಕಾವೇರಿ ಮನೆಗೆ ಬಂದ ಮೇಲೆ

'ಶರಪಂಜರ'ದಲ್ಲಿ ನಿಮಗೆ ಯಾವ ಸೀನು ಜ್ಞಾಪಕ ಇದೆ ಅಂತ ಯಾರನ್ನಾದರೂ ಕೇಳಿ ನೋಡಿ. ಕಲ್ಪನಾ ಕಿರುಚಾಡುವ ಸೀನು ಅಂತಾರೆ, ಕ್ಲೈಮ್ಯಾಕ್ಸು ಅಂತಾರೆ, ಇಲ್ಲಾ ಹಾಡು ಗುನುಗ್ತಾರೆ. ನನ್ನನ್ನು ಕೇಳಿದರೆ ನಾನು ಬೇರೆ ಹೇಳ್ತೀನಿ. ಕಾವೇರಿ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬರ್ತಾಳಲ್ಲ, ಅಲ್ಲಿಂದ ಮುಂದಿನ ರೀಲುಗಳು. ಗಂಡ ಇದ್ದಾನೆ, ಆದರೆ ಹತ್ತಿರ ಬರುವುದಿಲ್ಲ. ಮಕ್ಕಳಿವೆ, ಮನೆ ಇದೆ. ಸುತ್ತ ಎಲ್ಲರ ಕಣ್ಣೂ ಅವಳ ಮೇಲೆಯೇ. ಆಕೆ ನಕ್ಕರೂ ಅನುಮಾನ, ಅತ್ತರೂ ಅನುಮಾನ, ಸುಮ್ಮನೆ ಕೂತರೆ ಇನ್ನೂ ಹೆಚ್ಚು ಅನುಮಾನ! ಕೊನೆಗೆ ಗಂಡನಿಗೆ ಇನ್ನೊಬ್ಬಳ ಸಂಬಂಧ ಇರುವುದೂ ಗೊತ್ತಾಗುತ್ತದೆ. ಕಾವೇರಿ ಮತ್ತೆ ಆಸ್ಪತ್ರೆಗೆ ಹೋಗುತ್ತಾಳೆ.

ಡಾಕ್ಟರು ವಾಸಿ ಮಾಡಿ ಕಳಿಸಿದರು, ಮನೆಯವರು ಕೆಡಿಸಿ ವಾಪಸು ಕಳಿಸಿದರು. ಪುಟ್ಟಣ್ಣ ಕಣಗಾಲ್ 1972ರಲ್ಲಿ ಹೇಳಿದ ಕಥೆ ಇಷ್ಟೇ. ಮೂಲ ಕಾದಂಬರಿ ತ್ರಿವೇಣಿಯವರದು. ಆಕೆ ಮನಃಶಾಸ್ತ್ರ ಓದಿದ್ದವರು. 1963ರಲ್ಲೇ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಕಾವೇರಿಗೆ ಬಂದ ಕಾಯಿಲೆಗೆ ನಮ್ಮ ಅಜ್ಜಿಯರ ಬಾಯಲ್ಲಿ ಆಗಲೇ ಹೆಸರಿತ್ತು, ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೆರಡು ಕಾಣಿಸಿಕೊಳ್ಳುವ ಕಾಯಿಲೆ ಇದು. ಸರಿಯಾಗಿ ಔಷಧಿ ಕೊಟ್ಟರೆ ಬಹಳಷ್ಟು ಮಂದಿ ಚೆನ್ನಾಗಿ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇಂಥ ತಾಯಂದಿರಿಗೆ ಬೇರೆಯೇ ವಾರ್ಡಿದೆ. ಅಲ್ಲಿ ಕೂಸನ್ನು ತಾಯಿಯಿಂದ ಕಿತ್ತುಕೊಳ್ಳುವುದಿಲ್ಲ, ಇಬ್ಬರನ್ನೂ ಜೊತೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡ್ತಾರೆ. ಕಾವೇರಿಯ ಕಾಲಕ್ಕೆ ಇದೆಲ್ಲಿತ್ತು?

ಈ ಪುರಾಣ ಈಗ ಯಾಕೆ ತೆಗೆದೆ ಅಂತೀರಾ? ಒಂದು ಕಾಗದ ಬಂದಿದೆ. ಅರಸೀಕೆರೆ ಕಡೆಯ ಹುಡುಗ, ಹೆಸರು ಬೇಡ. ಪ್ರತಿ ವಾರ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪತ್ರಿಕೆ ಕೊಳ್ಳುವವನು. ಯಾವಾಗಲೂ ಬರೆಯುವುದು 'ಸಾರ್, ಬಾಸ್ ಮುಂದಿನ ಪಿಕ್ಚರ್ ಯಾವಾಗ' ಅಂತ. ಈ ಸಲ ಎರಡು ಪುಟ ಬರೆದಿದ್ದಾನೆ. ಗ್ಯಾರೇಜಿನಲ್ಲಿ ಕೆಲಸ ಮಾಡ್ತಿದ್ದ ಅವನ ಅಣ್ಣನಿಗೆ ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸಲು ಶುರುವಾಯಿತಂತೆ. ರಾತ್ರಿ ನಿದ್ದೆಯಿಲ್ಲ, ಊಟದಲ್ಲಿ ವಿಷ ಹಾಕಿದಾರೆ ಅಂತ ಅನುಮಾನ. ಎರಡು ತಿಂಗಳು ಆಸ್ಪತ್ರೆ. ಈಗ ವಾಸಿ, ಮುಂದಿನ ವಾರ ಮನೆಗೆ. ಮನೆಯಲ್ಲಿ ಅಪ್ಪ, ಅಮ್ಮ, ದೊಡ್ಡಪ್ಪನ ಸಂಸಾರ ಎಲ್ಲಾ ಸೇರಿ ಹನ್ನೊಂದು ಜನ. 'ಸಾರ್, ಟೀವಿಯಲ್ಲಿ ಶರಪಂಜರ ನೋಡಿದೆ. ನಮ್ಮಣ್ಣನೂ ಹಂಗೇ ಆಗ್ಬಿಡ್ತಾನಾ? ಅವನನ್ನ ಮನೆಗೆ ಕರ್ಕೊಂಡ್ ಬರೋದೇ ತಪ್ಪಾ? ಬೇರೆ ರೂಮ್ ಮಾಡಿ ಇಡೋಣ ಅಂತ ದೊಡ್ಡಪ್ಪ ಅಂತಾರೆ' ಎಂದು ಕೇಳಿದ್ದಾನೆ.

ತಮ್ಮಾ, ನೀನು ಕೇಳಿದ ಪ್ರಶ್ನೆಯನ್ನೇ ಲಂಡನ್ನಿನಲ್ಲಿ ಒಬ್ಬರು ಕೇಳಿದ್ದರು. ಹೆಸರು ಜಾರ್ಜ್ ಬ್ರೌನ್. ಡಾಕ್ಟರಲ್ಲ, ಸಮಾಜಶಾಸ್ತ್ರದವರು. ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾಗಿ ಹೋದ ಗಂಡಸರು ಆಮೇಲೆ ಏನಾದರು ಅಂತ ಅವರೂ ಜೊತೆಗಾರರೂ ಹುಡುಕಿಕೊಂಡು ಹೋದರು. 1958ರಲ್ಲಿ ಅಚ್ಚಾದ ಅವರ ವರದಿ ನೋಡಿ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಅಪ್ಪ ಅಮ್ಮನ ಮನೆಗೋ ಹೆಂಡತಿಯ ಹತ್ತಿರಕ್ಕೋ ಹೋದವರಿಗಿಂತ, ಬಾಡಿಗೆ ರೂಮಿಗೆ ಹೋದವರು, ಅಣ್ಣ ತಮ್ಮ ಅಕ್ಕ ತಂಗಿಯರ ಮನೆಗೆ ಹೋದವರು ಚೆನ್ನಾಗಿದ್ದರು! ಏನಪ್ಪಾ ಇದು, ಹೆತ್ತವರಿಗಿಂತ ರೂಮ್ ಓನರ್ ವಾಸಿಯಾ?

ಹಂಗಲ್ಲ. ಬ್ರೌನ್ ಅಲ್ಲಿಗೇ ನಿಲ್ಲಲಿಲ್ಲ. ಮನೆಯವರ ಜೊತೆ ಕೂತು ಗಂಟೆಗಟ್ಟಲೆ ಮಾತಾಡಿಸಿದರು. ಏನು ಹೇಳ್ತಾರೆ ಅನ್ನೋದಕ್ಕಿಂತ ಯಾವ ದನಿಯಲ್ಲಿ ಹೇಳ್ತಾರೆ ಅಂತ ಕಿವಿಗೊಟ್ಟರು. ಮೂರು ವಿಷಯ ಲೆಕ್ಕಕ್ಕೆ ತಗೊಂಡರು. ಒಂದು, ಆಕ್ಷೇಪಣೆ: 'ಹತ್ತು ಗಂಟೆಯಾದರೂ ಎದ್ದಿಲ್ಲ, ಸೋಮಾರಿ.' ಇನ್ನೊಂದು ದ್ವೇಷ: 'ಇವನು ಹುಟ್ಟಿದಾಗಿನಿಂದ ಈ ಮನೆಗೆ ಸುಖ ಇಲ್ಲ.' ಮೂರನೆಯದೇ ನನಗೆ ಆಶ್ಚರ್ಯ ತಂದದ್ದು. ಅದು ಅತಿಯಾದ ಅಕ್ಕರೆ. ಮೂವತ್ತು ವರ್ಷದ ಮಗನಿಗೆ ಅಮ್ಮನೇ ತಲೆಗೆ ನೀರು ಹಾಕೋದು, ಅವನು ಬಾಗಿಲು ದಾಟಿದರೆ ಹಿಂದೆಯೇ ಓಡೋದು, ಅವನ ಬದಲು ತಾನೇ ಮಾತಾಡೋದು. ಇವೆಲ್ಲ ಹೆಚ್ಚಾಗಿದ್ದ ಮನೆ ಒಂದು ಕಡೆ, ಕಡಿಮೆ ಇದ್ದ ಮನೆ ಇನ್ನೊಂದು ಕಡೆ ಇಟ್ಟು, ಒಂಬತ್ತು ತಿಂಗಳು ಕಾದರು. ಹೆಚ್ಚಾಗಿದ್ದ ಮನೆಗಳಲ್ಲಿ ಶೇಕಡ 58 ಮಂದಿಗೆ ಕಾಯಿಲೆ ಮರುಕಳಿಸಿತ್ತು. ಕಡಿಮೆ ಇದ್ದ ಮನೆಗಳಲ್ಲಿ ಶೇಕಡ 16. ಈ ವರದಿ ಅಚ್ಚಾದ ವರ್ಷ ಯಾವುದು ಗೊತ್ತಾ? 1972! ಅಲ್ಲಿ ಬ್ರೌನ್, ಇಲ್ಲಿ ಪುಟ್ಟಣ್ಣ. ಒಬ್ಬರಿಗೊಬ್ಬರ ಪರಿಚಯ ಇದ್ದಿರಲಾರದು.

(ಅದೇ 1972ರಲ್ಲೇ 'ನಾಗರಹಾವು' ಕೂಡ ಬಂತು. ಚಾಮಯ್ಯ ಮೇಷ್ಟ್ರ ಬಗ್ಗೆ ಯಾರೂ ಕೆಟ್ಟ ಮಾತಾಡಲ್ಲ, ನಾನೂ ಆಡಲ್ಲ. ಆದರೆ ರಾಮಾಚಾರಿಯ ಬದುಕಿನ ಪ್ರತಿಯೊಂದು ತೀರ್ಮಾನವನ್ನೂ ಮೇಷ್ಟ್ರೇ ಮಾಡಿದರೆ ಅದೂ ಮೂರನೇ ಲೆಕ್ಕಕ್ಕೇ ಬರುತ್ತೆ ಅಂತ ನನ್ನ ಅನಿಸಿಕೆ. ಅಲಮೇಲು ಗತಿ ಏನಾಯ್ತು ನೆನಪಿಸಿಕೊಳ್ಳಿ. ಅಭಿಮಾನಿಗಳು ಜಗಳಕ್ಕೆ ಬರಬೇಡಿ, ನಾನೂ ನಿಮ್ಮವನೇ.)

ಒಂದು ಮಾತು ಇಲ್ಲೇ ಗಟ್ಟಿಯಾಗಿ ಹೇಳಬೇಕು. ಮನೆಯವರು ಕಾಯಿಲೆ ಬರಿಸಿದರು ಅಂತ ಇದರ ಅರ್ಥವಲ್ಲ. ಅಮೆರಿಕದಲ್ಲಿ 1948ರ ಹೊತ್ತಿಗೆ ಅಂಥದೊಂದು ವಾದ ಹುಟ್ಟಿತ್ತು, ಮಗನಿಗೆ ಸ್ಕಿಜೋಫ್ರೇನಿಯಾ ಬಂದರೆ ತಾಯಿ ಬೆಳೆಸಿದ ರೀತಿಯೇ ಕಾರಣ ಅಂತ. ಎಷ್ಟೋ ತಾಯಂದಿರು ಆ ಮಾತಿಗೆ ಕಣ್ಣೀರು ಹಾಕಿದರು. ಆಮೇಲೆ ನೋಡಿದರೆ ಅದಕ್ಕೆ ಪುರಾವೆಯೇ ಇಲ್ಲ. ನಿಮ್ಮಮ್ಮನಿಗೆ ಇದನ್ನು ಓದಿ ಹೇಳು, ತಮ್ಮಾ. ಆಕೆ ರಾತ್ರಿ ಒಬ್ಬಳೇ ಕೂತು 'ನಾನೇನು ತಪ್ಪು ಮಾಡಿದೆನೋ' ಅಂತ ಯೋಚಿಸ್ತಾ ಇರ್ತಾಳೆ. ಕಾಯಿಲೆ ಬರಲು ಕಾರಣ ಬೇರೆ, ಬಂದು ಹೋದದ್ದು ಮತ್ತೆ ಬರಲು ಕಾರಣ ಬೇರೆ.

ಮಾತ್ರೆ ವಿಷಯವನ್ನೂ ಹೇಳಿಬಿಡ್ತೀನಿ. 1976ರಲ್ಲಿ ಲಂಡನ್ನಿನಲ್ಲೇ ಮತ್ತೆ ಲೆಕ್ಕ ಹಾಕಿದರು. ಬಯ್ಯುವ ಮನೆ, ಆ ಬಯ್ಯುವವರ ಎದುರಿಗೇ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಇರೋದು, ಮೇಲೆ ಮಾತ್ರೆಯೂ ಬಿಟ್ಟಿದ್ದು, ಮೂರೂ ಸೇರಿದವರಲ್ಲಿ ಶೇಕಡ 92 ಮಂದಿ ಮತ್ತೆ ಕಾಯಿಲೆ ಬಿದ್ದರು. ಅಂಥದೇ ಮನೆಯಲ್ಲಿದ್ದರೂ ಮಾತ್ರೆ ತಗೊಂಡವರ ಪಾಡು ಎಷ್ಟೋ ವಾಸಿ. 'ಗುಣ ಆಯ್ತಲ್ಲ, ಇನ್ಯಾಕೆ ಮಾತ್ರೆ, ಬಾಡಿ ಹೀಟ್ ಆಗುತ್ತೆ' ಅನ್ನೋ ನೆಂಟರು ಪ್ರತಿ ಊರಲ್ಲೂ ಇರ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸು. ಮಾತ್ರೆ ನಿಲ್ಲಿಸೋದು ಡಾಕ್ಟರು ಮಾತ್ರ.

ಇನ್ನು ಹನ್ನೊಂದು ಜನರ ಮನೆ. ನಮ್ಮ ಸಿನಿಮಾಗಳಲ್ಲಿ ಕೂಡು ಕುಟುಂಬ ಅಂದರೆ ನಂದಗೋಕುಲ. ಸೊಸೆ ಬಂದು ಪಾಲು ಕೇಳೋ ತನಕ ಎಲ್ಲರೂ ಒಂದೇ ಸಾಲಲ್ಲಿ ಕೂತು ನಗ್ತಾ ಉಣ್ತಾರೆ. ನಿಜದ ಮನೆ ಹಾಗಿರಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದರೂ ದೊಡ್ಡ ಸಂಸಾರದಲ್ಲಿ ಏನೋ ಒಂದು ಅನುಕೂಲ ಇರಬಹುದು ಅನ್ನೋದಕ್ಕೆ ದಾಖಲೆಯಿದೆ. ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ ಈ ಕಾಯಿಲೆಯವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ನಮ್ಮ ಆಗ್ರಾದವರೂ ನೈಜೀರಿಯಾದವರೂ ಶ್ರೀಮಂತ ದೇಶದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಇದರ ಬಗ್ಗೆ ಪಂಡಿತರಲ್ಲಿ ಇವತ್ತಿಗೂ ಜಗಳ ಇದೆ, ಇರಲಿ. ಆಮೇಲೆ ಚಂಡೀಗಢದಲ್ಲಿ ಬ್ರೌನ್ ಅವರ ಅದೇ ಅಳತೆಗೋಲು ಹಿಡಿದು ಮನೆಮನೆ ಮಾತಾಡಿಸಿದರು. 1987ರಲ್ಲಿ ಅಚ್ಚಾದ ಫಲಿತಾಂಶದ ಪ್ರಕಾರ ಬಯ್ಯುವ ಪೈಕಿಯವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಲಂಡನ್ನಿನಲ್ಲಿ ಸುಮಾರು ಅರ್ಧದಷ್ಟು. ಹಳ್ಳಿಯವರಲ್ಲಂತೂ ಪೇಟೆಯವರಿಗಿಂತ ಇನ್ನೂ ಕಡಿಮೆ.

ಯಾಕಿರಬಹುದು? ನಾನು ಕಂಡ ಹಾಗೆ ಹೇಳ್ತೀನಿ. ನಾಲ್ಕು ಗೋಡೆಯೊಳಗೆ ಅಮ್ಮ ಮಗ ಇಬ್ಬರೇ ಇದ್ದರೆ ದಿನವಿಡೀ ಒಬ್ಬರ ಮುಖ ಒಬ್ಬರು ನೋಡಬೇಕು. ಹತ್ತು ಜನರಿದ್ದರೆ ಅಪ್ಪ ಸಿಡುಕಿದಾಗ ದೊಡ್ಡಮ್ಮ 'ಬಾರಪ್ಪಾ, ಕಾಫಿ ಕುಡಿ' ಅಂತಾಳೆ. ಕಟ್ಟೆ ಇದೆ, ಕೊಟ್ಟಿಗೆ ಇದೆ, ಎಮ್ಮೆ ಇದೆ. ಪೂರ್ತಿ ಗುಣವಾಗದಿದ್ದರೂ ಹುಲ್ಲು ಹಾಕೋ ಕೆಲಸಕ್ಕೆ ಯಾರೂ ಸರ್ಟಿಫಿಕೇಟ್ ಕೇಳಲ್ಲ. ಆದರೆ ಅದೇ ಹತ್ತು ಜನವೂ ಸೇರಿ ಒಬ್ಬನನ್ನು ಗುರಿಯಿಟ್ಟು ನೋಡಿದರೆ? ಇಪ್ಪತ್ತು ಕಣ್ಣು! ಹಾಗಾಗಿ ತಲೆ ಎಣಿಸಿ ಪ್ರಯೋಜನವಿಲ್ಲ. ಹೆಣ್ಣುಮಕ್ಕಳಿಗೆ ಇದೇ ಕಾಯಿಲೆ ಬಂದಾಗ ದೊಡ್ಡ ಸಂಸಾರ ಏನು ಮಾಡುತ್ತೆ? ಎಷ್ಟೋ ಕಡೆ ತವರಿಗೆ ಬಿಟ್ಟು ಬರ್ತಾರೆ. ಆವಾಗ ಆ ನಂದಗೋಕುಲ ಎಲ್ಲಿ ಹೋಯ್ತು ಅಂತ ಯಾವ ಡೈರೆಕ್ಟರೂ ಕೇಳಲ್ಲ. ಪುಟ್ಟಣ್ಣ ಒಬ್ಬರು ಕೇಳಿದರು.

ನಮ್ಮ ದೇಶದ ಡಾಕ್ಟರುಗಳು ಇದನ್ನು ಪುಸ್ತಕ ಬರುವ ಮೊದಲೇ ಅರ್ಥ ಮಾಡಿಕೊಂಡಿದ್ದರು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂತ ಇದ್ದರು. 1950ರ ದಶಕದಲ್ಲಿ ಆಸ್ಪತ್ರೆಯ ಬಯಲಿನಲ್ಲಿ ಟೆಂಟು ಹಾಕಿಸಿ ರೋಗಿಯ ಮನೆಯವರನ್ನೂ ಅಲ್ಲೇ ಉಳಿಸಿಕೊಂಡರು. ವೆಲ್ಲೂರಿನಲ್ಲೂ ಮನೆಯವರು ಜೊತೆಯಲ್ಲೇ ಇರೋ ಪದ್ಧತಿ ಬಂತು. ಮನೆಯವರು ಕಾಯಿಲೆ ಅಂದರೇನು ಅಂತ ಕಣ್ಣಾರೆ ನೋಡಿ ಕಲಿತರೆ, ಡಿಸ್ಚಾರ್ಜ್ ಆದ ಮೇಲೆ ಬಯ್ಯೋದು ತಾನಾಗಿ ಕಡಿಮೆಯಾಗುತ್ತೆ. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್‌ನವರು ಮಾನಸಿಕ ಕಾಯಿಲೆಯ ಔಷಧಿಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೇ ತಲುಪಿಸಿ ತೋರಿಸಿದರು. ಆಮೇಲೆ ಇಡೀ ದೇಶವೇ ಆ ದಾರಿ ಹಿಡಿಯಿತು. ಇಷ್ಟಾದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡದ್ದೇನು? ಕಾಯಿಲೆಗೆ ತಕ್ಕಂತೆ ನೂರರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ನಿಮ್ಮಣ್ಣನಿಗೆ ಸಿಕ್ಕಿದೆ. ಅದು ಸಣ್ಣ ವಿಷಯವಲ್ಲ.

ಈಗ ನಿನ್ನ ಪ್ರಶ್ನೆಗೆ ನೇರ ಉತ್ತರ. ಮನೆಗೇ ಕರ್ಕೊಂಡ್ ಬಾ. ಬೇರೆ ರೂಮ್ ಮಾಡಿ ಒಬ್ಬನೇ ಬಿಟ್ಟರೆ ಮಾತ್ರೆ ನೋಡೋರು ಯಾರು, ಅನ್ನ ಹಾಕೋರು ಯಾರು? ಆದರೆ ಕರೆತರೋ ಮೊದಲು ಅಪ್ಪನನ್ನೂ ದೊಡ್ಡಪ್ಪನನ್ನೂ ಒಂದು ಸಲ ಡಾಕ್ಟರ ಎದುರಿಗೆ ಕೂರಿಸು. ಹತ್ತು ಗಂಟೆ ತನಕ ಮಲಗೋದು ಸೋಮಾರಿತನ ಅಲ್ಲ, ಕೆಲವು ಸಲ ಮಾತ್ರೆಯ ಮಂಪರು, ಕೆಲವು ಸಲ ಕಾಯಿಲೆಯದೇ ಭಾಗ ಅಂತ ಡಾಕ್ಟರ ಬಾಯಲ್ಲೇ ಕೇಳಿಸು. ನೀನು ಹೇಳಿದರೆ 'ಹೋಗೋ ಸಿನಿಮಾ ಹುಚ್ಚ' ಅಂತಾರೆ. ಮೊದಲ ತಿಂಗಳೇ ಗ್ಯಾರೇಜಿಗೆ ಅಟ್ಟಬೇಡಿ. ನಿದ್ದೆ ಕೆಡೋದು, ಒಬ್ಬನೇ ಗೊಣಗೋದು, ಊಟ ತಳ್ಳೋದು ಮತ್ತೆ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡು. ರಾತ್ರಿ ಹೊತ್ತು ಏನೂ ತೋಚದಿದ್ದರೆ 14416ಕ್ಕೆ ಮಾಡು, ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅಣ್ಣನಿಗಷ್ಟೇ ಅಲ್ಲ, ನಿನಗೂ ಆ ನಂಬರು. ಎರಡು ತಿಂಗಳು ಆಸ್ಪತ್ರೆ ಕಾರಿಡಾರಿನಲ್ಲಿ ಮಲಗಿದವನು ನೀನು, ನಿನ್ನನ್ನು ಯಾರೂ 'ನೀನು ಹೆಂಗಿದ್ದೀಯಾ' ಅಂತ ಕೇಳಿರಲ್ಲ.

ಬೀದಿಯಲ್ಲಿ ಯಾರಾದರೂ 'ಮೆಂಟಲ್' ಅಂದರೆ? ಹೊಡೆದಾಟಕ್ಕೆ ಇಳಿಯಬೇಡ. ಆ ಪದ ಅವರ ಬಾಯಿಗೆ ಬಂದದ್ದರಲ್ಲಿ ನಮ್ಮ ಸಿನಿಮಾದವರ ಪಾಲೂ ಇದೆ. ಹುಚ್ಚಾಸ್ಪತ್ರೆ ಸೀನು ಅಂದರೆ ಕಾಮಿಡಿ ಟ್ರ್ಯಾಕ್ ಅಂದುಕೊಂಡವರು ನಮ್ಮಲ್ಲಿ ಕಡಿಮೆ ಇಲ್ಲ. 2001ರ 'ಹುಚ್ಚ' ನೋಡಿ ಮಾತ್ರ ಯಾರೂ ನಗಲಿಲ್ಲ. ಗುಣವಾಗಿ ಬಂದ ಕಿಚ್ಚನಿಗೆ ಹೊರಗೆ ಕಾದಿದ್ದವಳೇ ಇಲ್ಲ, ವಾಪಸು ಒಳಗೆ ಹೋದ.

ಕಾಗದದ ಕೊನೆಯಲ್ಲಿ ಇನ್ನೊಂದು ಕೇಳಿದ್ದೀಯ, ಅಣ್ಣನನ್ನು ಪಿಕ್ಚರಿಗೆ ಕರ್ಕೊಂಡ್ ಹೋಗಬಹುದಾ ಅಂತ. ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಧಾರಾಳವಾಗಿ ಕರ್ಕೊಂಡ್ ಹೋಗು. ಸೆಕೆಂಡ್ ಶೋ ಬೇಡ, ನಿದ್ದೆ ಕೆಡಬಾರದು. ಫಸ್ಟ್ ಡೇ ನೂಕುನುಗ್ಗಲೂ ಬೇಡ, ಎರಡನೇ ವಾರ ಮ್ಯಾಟ್ನಿಗೆ ಹೋಗಿ. ಬಾಗಿಲ ಪಕ್ಕದ ಸೀಟು ಹಿಡಿ. ಇಂಟರ್‌ವಲ್‌ನಲ್ಲಿ ಸಾಕು ಅಂದರೆ ಯಾಕೆ ಅಂತ ಕೇಳದೆ ಎದ್ದು ಬಾ, ಮಿಕ್ಕ ಕಥೆ ನಾನು ಬರೆದು ತಿಳಿಸ್ತೀನಿ.