ಆಕಸ್ಮಿಕಕ್ಕೆ ಸಲ್ಲಬೇಕಾದ ಪಾಲು

ವೈಟ್‌ಫೀಲ್ಡಿನ ಕಚೇರಿಗಳಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಸಭೆಗಳಲ್ಲಿಯೂ ಕೆಲವು ಕಾಲದಿಂದ ಒಂದು ಮಾತು ವೇದವಾಕ್ಯದಂತೆ ಚಲಾವಣೆಯಲ್ಲಿದೆ: ದತ್ತಾಂಶವು ಕೋಟಿಗಟ್ಟಲೆಯಾಗಿ ಬಂದು ಸೇರುತ್ತಿರುವ ಈ ಕಾಲದಲ್ಲಿ, ಮೊದಲು ಒಂದು ಪ್ರಾಕ್ಕಲ್ಪನೆಯನ್ನು ಇಟ್ಟುಕೊಂಡು ಆಮೇಲೆ ಅದನ್ನು ಪರೀಕ್ಷಿಸುವ ಹಳೆಯ ಸಂಖ್ಯಾಶಾಸ್ತ್ರಕ್ಕೆ ಇನ್ನು ಕೆಲಸವಿಲ್ಲ, ಅಂಕಿಗಳು ತಾವಾಗಿಯೇ ಮಾತನಾಡುತ್ತವೆ, ಎಂದು. ಅಂಕಿಗಳು ಎಂದೂ ತಾವಾಗಿ ಮಾತನಾಡಿದ್ದಿಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿವೆ. ಪ್ರಾಕ್ಕಲ್ಪನಾ ಪರೀಕ್ಷೆಯ ಸಾರವಿರುವುದು ಕೊನೆಯಲ್ಲಿ ದೊರೆಯುವ ಪಿ-ಮೌಲ್ಯದಲ್ಲಿಯೂ ಅಲ್ಲ, ಅದನ್ನು ಗಣಿಸುವ ತಂತ್ರಾಂಶದಲ್ಲಿಯೂ ಅಲ್ಲ. ಯಾವ ಫಲ ಬಂದರೆ ನನ್ನ ಮಾತನ್ನು ನಾನು ಹಿಂತೆಗೆದುಕೊಳ್ಳುವೆನೆಂಬುದನ್ನು ಫಲವನ್ನು ಕಾಣುವ ಮುನ್ನವೇ ಬರೆದಿಡುವ ಪ್ರಾಮಾಣಿಕತೆಯಲ್ಲಿ. ಅದೊಂದನ್ನು ಬಿಟ್ಟರೆ ಮಿಕ್ಕುದೆಲ್ಲ ಬರಿಯ ಲೆಕ್ಕ.

1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕಾರ್ಖಾನೆ ತಲೆಯೆತ್ತಿದಂದಿನಿಂದ ಆ ಸುತ್ತಿನ ಜನಕ್ಕೆ ಲೇತ್ ಎಂಬುದು ಪರಕೀಯ ವಸ್ತುವಲ್ಲ. ಅದರ ನೆರೆಯ ಪೀಣ್ಯದಲ್ಲಿ ಯಾವುದಾದರೊಂದು ಶೆಡ್ಡಿನೊಳಗೆ ಹೋಗಿ ನಿಂತರೆ, 25 ಮಿಲಿಮೀಟರ್ ವ್ಯಾಸದ ಶಾಫ್ಟುಗಳನ್ನು ಸಿಎನ್‌ಸಿ ಯಂತ್ರವು ಒಂದಾದ ಮೇಲೊಂದರಂತೆ ಕಡೆದು ಹಾಕುತ್ತಿರುವುದನ್ನು ಕಾಣಬಹುದು. ಆಪರೇಟರ್ ಒಂದನ್ನು ಎತ್ತಿ, ಅದಕ್ಕಂಟಿದ ಕೂಲಂಟನ್ನು ಬಟ್ಟೆಯಿಂದ ಒರೆಸಿ, ಮೈಕ್ರೋಮೀಟರಿನಲ್ಲಿ ಹಿಡಿದು ನೋಡುತ್ತಾನೆ: ಆರು ಮೈಕ್ರಾನ್ ಹೆಚ್ಚು. ಕರ್ತವ್ಯನಿಷ್ಠನಾದ ಅವನು ಕೂಡಲೆ ಆಫ್‌ಸೆಟ್ಟಿನಲ್ಲಿ ಆರು ಮೈಕ್ರಾನ್ ಇಳಿಸುತ್ತಾನೆ. ಮುಂದಿನದು ಒಂಬತ್ತು ಕಡಿಮೆ ಬರುತ್ತದೆ, ಒಂಬತ್ತು ಏರಿಸುತ್ತಾನೆ. ಯಂತ್ರವು ಸ್ವಸ್ಥವಾಗಿಯೇ ಇದ್ದು, ಆ ಏರಿಳಿತಗಳೆಲ್ಲ ಸಹಜವಾದ ಆಕಸ್ಮಿಕ ಕಾರಣಗಳಿಂದಲೇ ಉಂಟಾದವಾಗಿದ್ದ ಪಕ್ಷದಲ್ಲಿ, ಹೀಗೆ ಪ್ರತಿಯೊಂದು ತುಂಡಿಗೂ ತಿದ್ದುಪಡಿ ಮಾಡುವುದರಿಂದ ಅಳತೆಗಳ ಹರಹು ಕುಗ್ಗುವುದಿಲ್ಲ; ಸುಮಾರು 1.4 ಪಟ್ಟು ಹಿಗ್ಗುತ್ತದೆ. ಡೆಮಿಂಗ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಒಂದು ಆಲಿಕೆಯನ್ನೂ ಒಂದು ಗೋಲಿಯನ್ನೂ ಮೇಜಿನ ಮೇಲಿಟ್ಟುಕೊಂಡು ಕಾರ್ಖಾನೆಯ ಅಧಿಕಾರಿಗಳಿಗೆ ಈ ಸತ್ಯವನ್ನೇ ತೋರಿಸಿಕೊಡುತ್ತಿದ್ದರು. ಆಕಸ್ಮಿಕವಾದುದನ್ನು ಕಾರಣವುಳ್ಳದ್ದೆಂದು ಭ್ರಮಿಸಿದವನ ಶ್ರದ್ಧೆಯೇ ಅವನ ಮಾಲನ್ನು ಕೆಡಿಸುತ್ತದೆ.

ಈ ಭ್ರಮೆಗೆ 1924ರಲ್ಲಿ ವಾಲ್ಟರ್ ಶೂಹಾರ್ಟ್ ಕಂಡುಕೊಂಡ ಪರಿಹಾರವೇ ನಿಯಂತ್ರಣ ಪಟ: ಸರಾಸರಿಯಿಂದ ಮೂರು ಪ್ರಮಾಣವಿಚಲನೆಗಳಷ್ಟು ದೂರದಲ್ಲಿ ಮೇಲೊಂದು ಕೆಳಗೊಂದು ಗೆರೆಯೆಳೆದು, ಅಳತೆಯು ಆ ಗೆರೆಗಳನ್ನು ದಾಟುವ ತನಕ ಯಂತ್ರವನ್ನು ಮುಟ್ಟಬೇಡ ಎಂಬ ವಿಧಿ. ಅಳತೆಗಳ ಹಂಚಿಕೆಯು ಪ್ರಸಾಮಾನ್ಯವಾಗಿದ್ದರೆ, ಸ್ವಸ್ಥವಾದ ಯಂತ್ರದ ವಿಷಯದಲ್ಲಿ ಈ ವಿಧಿಯು ಹತ್ತು ಸಾವಿರಕ್ಕೆ 27 ಸಲ ಮಾತ್ರ ಸುಳ್ಳು ಎಚ್ಚರಿಕೆ ಕೊಡುತ್ತದೆ. ಮಹಾಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಹ್ವಾನದ ಮೇಲೆ ಶೂಹಾರ್ಟರು 1947–48ರಲ್ಲಿ ನಮ್ಮ ದೇಶಕ್ಕೆ ಬಂದು ಕಾರ್ಖಾನೆಗಳನ್ನು ಸುತ್ತಿದರು. 1950ರ ದಶಕದಲ್ಲಿ ಆ ಸಂಸ್ಥೆಯ ಗುಣನಿಯಂತ್ರಣ ಘಟಕವೊಂದು ಬೆಂಗಳೂರಿಗೂ ಬಂದಿತು. ನಿಯಂತ್ರಣ ಪಟವನ್ನು ಪ್ರಾಕ್ಕಲ್ಪನಾ ಪರೀಕ್ಷೆಯೆಂದೇ ಕರೆಯಬಹುದೇ ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ಭಿನ್ನಾಭಿಪ್ರಾಯವಿದೆಯಾದರೂ, ಎರಡರ ಶಿಸ್ತೂ ಒಂದೇ: ಗೆರೆಯನ್ನು ಮೊದಲು ಎಳೆಯತಕ್ಕದ್ದು, ಅಳತೆಯನ್ನು ಆಮೇಲೆ ನೋಡತಕ್ಕದ್ದು.

ಪರೀಕ್ಷೆಯ ತರ್ಕವನ್ನು ಅದೇ ಶೆಡ್ಡಿನೊಳಗೆ ವಿವರಿಸಬಹುದಾಗಿದೆ. ಲೋಹವನ್ನು ಕಡೆಯುವ ಅಲಗಾದ ಇನ್ಸರ್ಟಿನ ಹೊಸ ಬಗೆಯೊಂದನ್ನು ಮಾರಲು ಬಂದವನು, ಹಳೆಯದರಿಂದ ಕಡೆದ 500 ತುಂಡುಗಳಲ್ಲಿ 15 ರಿಜೆಕ್ಟಾದವು, ತನ್ನದರಿಂದ ಕಡೆದ 500ರಲ್ಲಿ ಹತ್ತೇ, ಆದುದರಿಂದ ರಿಜೆಕ್ಷನ್ ಮೂರರಲ್ಲೊಂದು ಪಾಲು ತಗ್ಗಿತೆಂದು ಹೇಳುತ್ತಾನೆಂದಿಟ್ಟುಕೊಳ್ಳೋಣ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸಂಖ್ಯಾಶಾಸ್ತ್ರವು ಮೊದಲು ಇದಕ್ಕೆ ಪ್ರತಿಯಾದ ಊಹೆಯನ್ನು ನಿಲ್ಲಿಸುತ್ತದೆ: ಎರಡು ಇನ್ಸರ್ಟುಗಳಿಗೂ ಭೇದವೇ ಇಲ್ಲ ಎಂಬುದು ಶೂನ್ಯ ಪ್ರಾಕ್ಕಲ್ಪನೆ. ಭೇದವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕೂ ಮಿಗಿಲಾದ ಅಂತರವು, ಯಾವ ಕಡೆಗಾದರೂ ಸರಿಯೆ, ಎಷ್ಟು ಸಲ ಕೇವಲ ಆಕಸ್ಮಿಕವಾಗಿ ಒದಗೀತು? ನೂರಕ್ಕೆ ಮೂವತ್ತು ಸಲಕ್ಕೂ ಮೇಲೆ. ಪಿ-ಮೌಲ್ಯವೆಂದರೆ ಇದೇ. ಶೂನ್ಯ ಪ್ರಾಕ್ಕಲ್ಪನೆಯು ನಿಜವಾಗಿರುವ ಸಂಭವನೀಯತೆ ಅದಲ್ಲ. ಅದು ನಿಜವೆಂದು ಭಾವಿಸಿದಾಗ ಇಂತಹ ಫಲವು ದೊರೆಯುವ ಸಂಭವನೀಯತೆ. ಈ ಎರಡನ್ನೂ ಒಂದೆಂದು ಬಗೆದು ಬರೆದ ವರದಿಗಳಿಗೆ ಕೊರತೆಯಿಲ್ಲ.

ಹಾಗಾದರೆ ಹೊಸ ಇನ್ಸರ್ಟು ನಿಷ್ಪ್ರಯೋಜಕವೆಂದು ತೀರ್ಮಾನಿಸಬಹುದೇ? ಅದೂ ಸಲ್ಲದು. ರಿಜೆಕ್ಷನ್ ಶೇಕಡ 3ರಿಂದ 2ಕ್ಕೆ ನಿಜವಾಗಿಯೂ ಇಳಿದಿದ್ದರೆ ಆ ಇಳಿತವನ್ನು ಹತ್ತರಲ್ಲಿ ಎಂಟು ಸಲವಾದರೂ ಕಂಡುಹಿಡಿಯಬಲ್ಲ ಪರೀಕ್ಷೆಗೆ ಪ್ರತಿಯೊಂದು ಇನ್ಸರ್ಟಿನಿಂದಲೂ ಸುಮಾರು 3,800 ತುಂಡುಗಳು ಬೇಕು; ಐನೂರರಿಂದ ಆಗುವ ಕೆಲಸವಲ್ಲ. ಇಲ್ಲದ ಭೇದವನ್ನು ಕಾಣುವುದು ಒಂದು ಬಗೆಯ ತಪ್ಪು, ಇದ್ದ ಭೇದವನ್ನು ಕಾಣದಿರುವುದು ಮತ್ತೊಂದು ಬಗೆಯದು. ಈ ಎರಡನ್ನೂ ಬೇರ್ಪಡಿಸಿ, ಎರಡಕ್ಕೂ ಮುಂಚಿತವಾಗಿಯೇ ಮಿತಿ ಹಾಕಬೇಕೆಂದು 1933ರಲ್ಲಿ ನೇಮನ್ ಮತ್ತು ಎಗಾನ್ ಪಿಯರ್ಸನ್ ಪ್ರತಿಪಾದಿಸಿದರು. ಅವರಿಗೂ ರೊನಾಲ್ಡ್ ಫಿಷರರಿಗೂ ತೀವ್ರವಾದ ವಿವಾದವಿತ್ತಾದರೂ ಇಂದು ಬೋಧಿಸಲಾಗುವ ಪಾಠವು ಉಭಯರ ವಿಚಾರಗಳನ್ನೂ ಬೆರೆಸಿದುದು. ಈ ಶಾಸ್ತ್ರವು ನಮಗೆ ದೂರದ್ದೂ ಅಲ್ಲ. 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿ ಕೇಂಬ್ರಿಡ್ಜಿನಲ್ಲಿ ಫಿಷರರ ಶಿಷ್ಯರಾದ ಸಿ. ಆರ್. ರಾವ್ ಅವರು 1948ರಲ್ಲಿ ಪ್ರಕಟಿಸಿದ ಸ್ಕೋರ್ ಪರೀಕ್ಷೆಯು, ಶೂನ್ಯ ಪ್ರಾಕ್ಕಲ್ಪನೆ ನಿಜವೆಂದು ಭಾವಿಸಿ ಮಾಡಿದ ಗಣನೆಯೊಂದರಿಂದಲೇ ಅದರ ಪರೀಕ್ಷೆಯನ್ನು ಸಾಧ್ಯವಾಗಿಸಿ, ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ.

ಈಗ ವೈಟ್‌ಫೀಲ್ಡಿಗೆ ಬರೋಣ. ಇಲ್ಲಿ ಪರೀಕ್ಷೆಗೆ ಎ/ಬಿ ಟೆಸ್ಟ್ ಎಂದು ಹೆಸರು: ಬಳಕೆದಾರರಲ್ಲಿ ಅರ್ಧ ಜನಕ್ಕೆ ಹಳೆಯ ಪರದೆ, ಉಳಿದರ್ಧಕ್ಕೆ ಹೊಸದು. ವಿಧಾನವು ನಿರ್ದುಷ್ಟವಾದುದೆ, ಫಿಷರರು 1935ರ ತಮ್ಮ ಗ್ರಂಥದಲ್ಲಿ ಪ್ರಯೋಗವಿನ್ಯಾಸದ ತಳಹದಿಯನ್ನಾಗಿಟ್ಟ ಯಾದೃಚ್ಛಿಕ ಹಂಚಿಕೆಯೇ ಅದು. ಕೆಡುವುದು ಆಮೇಲೆ. ಎರಡು ವಾರ ನಡೆಯಬೇಕಾದ ಪ್ರಯೋಗದ ಫಲವನ್ನು ದಿನ ಬೆಳಗಾದರೆ ಡ್ಯಾಶ್‌ಬೋರ್ಡಿನಲ್ಲಿ ಇಣಿಕಿ ನೋಡಿ, ಪಿ-ಮೌಲ್ಯವು 0.05ಕ್ಕಿಂತ ಕೆಳಗಿಳಿದ ಕ್ಷಣದಲ್ಲಿ ಪ್ರಯೋಗವನ್ನು ನಿಲ್ಲಿಸಿ, ಗೆದ್ದೆವೆಂದು ಘೋಷಿಸುವ ಪದ್ಧತಿಯಿದೆಯಷ್ಟೆ. ಅದು ಪರೀಕ್ಷೆಯಲ್ಲ, ಪರೀಕ್ಷೆಯ ವೇಷ. ಭೇದವೇ ಇಲ್ಲದಿದ್ದಾಗ ಒಂದೇ ಸಲ ನೋಡಿದರೆ ಮೋಸಹೋಗುವ ಸಂಭವವು ಶೇಕಡ 5. ಸಮಾನ ಅಂತರದಲ್ಲಿ ಐದು ಸಲ ನೋಡಿದರೆ ಅದು ಸುಮಾರು 14, ಹತ್ತು ಸಲ ನೋಡಿದರೆ ಸುಮಾರು 19. ಇನ್ನು ಪರಸ್ಪರ ಸಂಬಂಧವಿಲ್ಲದ ಇಪ್ಪತ್ತು ಅಳತೆಗಳನ್ನು ಮುಂದಿಟ್ಟುಕೊಂಡು ಯಾವುದಾದರೊಂದು ಗೆದ್ದರೆ ಸಾಕೆನ್ನುವವನು, ಹೊಸ ಪರದೆಯಿಂದ ಎಳ್ಳಷ್ಟೂ ಪ್ರಯೋಜನವಿಲ್ಲದಿದ್ದರೂ ನೂರಕ್ಕೆ 64 ಸಲ ಗೆದ್ದೇ ಗೆಲ್ಲುತ್ತಾನೆ! ಅವನ ಬಡ್ತಿಗೆ ಆ ವರದಿ ಸಾಕಾಗಬಹುದು, ಜ್ಞಾನಕ್ಕೆ ಸಾಲದು. ಸೋತ ಹತ್ತೊಂಬತ್ತನ್ನು ಮರೆಮಾಚಿ ಗೆದ್ದ ಒಂದನ್ನು ಮೆರೆಸುವುದು ಅಸತ್ಯವೇ. ಅದಕ್ಕೆ ಬೇರೆ ಹೆಸರಿಲ್ಲ. ನಡುನಡುವೆ ನೋಡಲೇಬೇಕಾದವರಿಗೆ ಅದಕ್ಕೆ ತಕ್ಕಂತೆ ಮಿತಿಯನ್ನು ಬಿಗಿಗೊಳಿಸುವ ಅನುಕ್ರಮ ಪರೀಕ್ಷೆಗಳು ಎರಡನೆಯ ಮಹಾಯುದ್ಧದ ಕಾಲದಿಂದಲೂ ಇವೆ.

ಪರೀಕ್ಷೆಯ ವಿರುದ್ಧವಾಗಿ ಗೌರವಕ್ಕೆ ಅರ್ಹವಾದ ಆಕ್ಷೇಪಣೆಗಳೂ ಇವೆ. ಶೇಕಡ 5 ಎಂಬ ಗಡಿಯನ್ನು ಯಾವ ನಿಸರ್ಗನಿಯಮವೂ ವಿಧಿಸಿಲ್ಲ. ಫಿಷರರು ಅದನ್ನು 1925ರಲ್ಲಿ ಅನುಕೂಲದ ಗಡಿಯಾಗಿ ಸೂಚಿಸಿದ್ದನ್ನು ಮುಂದಿನವರು ಶಾಸನವಾಗಿಸಿಕೊಂಡರು. ಇನ್ನೂ ಗಂಭೀರವಾದುದು ಮತ್ತೊಂದು: ಎರಡು ವಸ್ತುಗಳು ಕೂದಲೆಳೆಯಷ್ಟೂ ಭೇದವಿಲ್ಲದೆ ಇರುವುದು ಲೋಕದಲ್ಲಿ ದುರ್ಲಭವಾದುದರಿಂದ, ಎಣಿಕೆ ಹಿರಿದಾದಂತೆಲ್ಲ ಶೂನ್ಯ ಪ್ರಾಕ್ಕಲ್ಪನೆ ಬೀಳಲೇಬೇಕು. ಪ್ರತಿ ಗುಂಪಿನಲ್ಲಿಯೂ ಒಂದು ಕೋಟಿ ಜನರಿದ್ದರೆ, ಒಂದು ಬಟನ್ನನ್ನು ಒತ್ತುವವರು ಶೇಕಡ 10ರಿಂದ 10.05ಕ್ಕೆ ಏರಿದರೂ ಸಾಕು, ಪಿ-ಮೌಲ್ಯವು ಸಾವಿರಕ್ಕೊಂದಕ್ಕಿಂತ ಕೆಳಗಿಳಿಯುತ್ತದೆ; ಆ ಏರಿಕೆಯಿಂದ ಯಾರಿಗೇನು ಲಾಭವೆಂಬುದನ್ನು ಅದು ಹೇಳುವುದಿಲ್ಲ. ಈ ಆಕ್ಷೇಪಣೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಅಂತರವೆಷ್ಟು, ಆ ಅಂದಾಜಿನ ಅನಿಶ್ಚಿತತೆಯೆಷ್ಟು ಎಂಬುದನ್ನು ಪಕ್ಕದಲ್ಲಿಯೇ ನಮೂದಿಸದ ಪಿ-ಮೌಲ್ಯವು ಅಪೂರ್ಣ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೂ 2016ರ ತನ್ನ ಹೇಳಿಕೆಯಲ್ಲಿ, ಪಿ-ಮೌಲ್ಯವು ಪರಿಣಾಮದ ಗಾತ್ರವನ್ನಾಗಲಿ ಮಹತ್ವವನ್ನಾಗಲಿ ಅಳೆಯುವುದಿಲ್ಲವೆಂದು ಸ್ಪಷ್ಟಪಡಿಸಿದೆ. ಬೇಸ್ ಪಂಥದವರು, ಪ್ರಾಕ್ಕಲ್ಪನೆಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದನ್ನೇ ನೇರವಾಗಿ ಗಣಿಸೋಣವೆನ್ನುತ್ತಾರೆ. ಅದೂ ಸಾಧುವಾದ ಮಾರ್ಗವೇ. ಆದರೆ ಅವರೂ ತಮ್ಮ ಪೂರ್ವಗ್ರಹಿಕೆಯನ್ನು ದತ್ತಾಂಶಕ್ಕೆ ಮೊದಲೇ ಬರೆದಿಡಬೇಕಾಗುತ್ತದೆ ಎಂಬುದನ್ನು ಗಮನಿಸಬೇಕು. ಮಾರ್ಗ ಯಾವುದಾದರೂ ಮುಂಚಿತವಾಗಿ ಮಾತು ಕೊಡುವ ಹೊಣೆಯಿಂದ ಬಿಡುಗಡೆಯಿಲ್ಲ, ದತ್ತಾಂಶದ ರಾಶಿ ಬೆಳೆದಷ್ಟೂ ಆ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಏಕೆಂದರೆ ಹುಡುಕಲು ಎಡೆ ಹೆಚ್ಚಿದಂತೆ ಆಕಸ್ಮಿಕವಾಗಿ ಸಿಕ್ಕುವುದೂ ಹೆಚ್ಚುತ್ತದೆ.

ಪೀಣ್ಯದಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ಪರೀಕ್ಷೆಯ ವರದಿಗೆ ಸಹಿ ಹಾಕುವ ಅಧಿಕಾರವುಳ್ಳವರಲ್ಲಿ ನನ್ನ ವಿನಂತಿ ಇಷ್ಟು. ಪಿ-ಮೌಲ್ಯವನ್ನು ಓದುವ ಮುನ್ನ ಮೂರು ಸಂಗತಿಗಳನ್ನು ಕೇಳಿರಿ: ಎಷ್ಟು ಮಾದರಿಗಳನ್ನು ನೋಡಬೇಕೆಂದು ಪ್ರಯೋಗಕ್ಕೆ ಮೊದಲು ಬರೆದಿದ್ದಿರಿ, ನಡುವೆ ಎಷ್ಟು ಸಲ ನೋಡಿದಿರಿ, ಒಟ್ಟು ಎಷ್ಟು ಅಳತೆಗಳನ್ನು ಪರೀಕ್ಷಿಸಿದಿರಿ. ಈ ಮೂರಕ್ಕೂ ತಾರೀಖು ಸಹಿತವಾದ ಲಿಖಿತ ಉತ್ತರವಿಲ್ಲದಿದ್ದರೆ, ಫಲವು ಎಷ್ಟೇ ಸಂತೋಷಕರವಾಗಿದ್ದರೂ, ವರದಿಯನ್ನು ಹಿಂದಕ್ಕೆ ಕಳುಹಿಸಿ ಪ್ರಯೋಗವನ್ನು ಮತ್ತೆ ಮಾಡಿಸಿರಿ.